ಅಕ್ಷರಗುರುವಿಗೆ ಊರೊಳಗೊಂದು ನೆಲೆ

ವಿಜಯಪುರ, ಕಲಬುರಗಿ, ಬೀದರ, ರಾಯಚೂರು ಸೀಮೆಗಳ ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರನ್ನು ಗುರುಗಳೆಂದೂ ಉಪಾಧ್ಯಾಯಿನಿಯರನ್ನು ಗುರುಮಾತೆಯರೆಂದೂ ಕರೆಯುವ ವಾಡಿಕೆಯುಂಟು. ಶಾಲೆಯ ಮೇಲ್ವಿಚಾರಣೆಯನ್ನು ನೋಡುವವರು ಮುಖ್ಯಗುರುಗಳು. ಸರಕಾರದ ಕಾಗದಪತ್ರಗಳಲ್ಲಿ ಸಹಶಿಕ್ಷಕ, ಮುಖ್ಯಶಿಕ್ಷಕ ಎಂಬ ಹೆಸರುಗಳಿದ್ದರೂ ಜನರ ಬಾಯಿಂದ ಈ ಹಳೆಯ ಮಾತು ಇನ್ನೂ ಅಳಿದಿಲ್ಲ. ಅಷ್ಟಾವರಣಗಳಲ್ಲಿ ಮೊದಲನೆಯದಾದ ಗುರುವೆಂಬ ಪದವನ್ನು ಅಕ್ಷರ ಕಲಿಸುವವರಿಗೂ ಸಲ್ಲಿಸಿದ್ದು ಭಕ್ತಜನರ ವಿವೇಕವೇ ಸರಿ. ದೀಕ್ಷಾಗುರುವು ಮಗುವಿನ ಕರಸ್ಥಲಕ್ಕೆ ಲಿಂಗವನ್ನು ದಯಪಾಲಿಸುತ್ತಾನೆ. ಅಕ್ಷರಗುರುವು ಅದೇ ಕೈಗೆ ಬಳಪವನ್ನು ಕೊಡುತ್ತಾನೆ. ಲಿಂಗದೀಕ್ಷೆಯಿಲ್ಲದ ಇತರ ಮತದ, ಇತರ ಕುಲದ ಮಕ್ಕಳಿಗಂತೂ ಮನೆಯ ಹೊಸ್ತಿಲಾಚೆ ದೊರೆಯುವ ಮೊದಲ ಗುರುವೇ ಆತನು.

ಇಷ್ಟು ದೊಡ್ಡ ಹೆಸರಿನಿಂದ ಕರೆಸಿಕೊಳ್ಳುವವರು ಆ ಊರಿನಲ್ಲಿ ಎಷ್ಟು ದಿನ ನಿಲ್ಲುತ್ತಾರೆಂಬುದನ್ನು ಮಾತ್ರ ಯಾರೂ ಲೆಕ್ಕವಿಡುವುದಿಲ್ಲ. ದೂರದ ಹಳ್ಳಿಗಳ ಅನೇಕ ಶಾಲೆಗಳಲ್ಲಿ ಒಂದನೆಯ ತರಗತಿಗೆ ಸೇರಿದ ಮಗು ಐದನೆಯ ತರಗತಿಯನ್ನು ಮುಗಿಸುವಷ್ಟರಲ್ಲಿ ನಾಲ್ಕಾರು ಗುರುಗಳ ಮುಖವನ್ನು ನೋಡಿರುತ್ತದೆ. ಒಬ್ಬರು ವರ್ಗವಾಗಿ ಹೋದರು. ಅವರ ಸ್ಥಾನ ಕೆಲವು ಕಾಲ ಬರಿದಾಗಿತ್ತು. ಬಳಿಕ ಅತಿಥಿ ಶಿಕ್ಷಕರೊಬ್ಬರು ಬಂದರು. ವರ್ಷ ಮುಗಿಯಿತೆಂದು ಅವರೂ ಹೋದರು. ಮರುವರ್ಷ ಬೇರೊಬ್ಬರು ಬಂದರು. ಅವರನ್ನು ಇನ್ನೊಂದು ಶಾಲೆಗೆ ನಿಯೋಜನೆಯ ಮೇಲೆ ಕಳುಹಿಸಿದರು. ಹೀಗೆ ಬಂದವರಲ್ಲಿ ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ವಿಚಾರಿಸಿದರೆ ತಪ್ಪಿತಸ್ಥರೆಂದು ಬೆರಳಿಟ್ಟು ತೋರಿಸುವುದು ಕಷ್ಟ. ಹಾನಿಯಂತೂ ಮಗುವಿಗೆ ತಪ್ಪಲಿಲ್ಲ.

ಆ ಹಾನಿ ಯಾವ ಬಗೆಯದೆಂಬುದನ್ನು ಅಕ್ಷರಗಳ ಕಡೆಯಿಂದಲೇ ನೋಡಬೇಕು. ಕನ್ನಡದ ಓದು ಮೂರು ಮೆಟ್ಟಿಲುಗಳಲ್ಲಿ ಏರುತ್ತದೆ. ಮೊದಲು ಮೂಲಾಕ್ಷರಗಳು, ಅನಂತರ ಕಾಗುಣಿತ, ಕೊನೆಗೆ ಒತ್ತಕ್ಷರ. ಜೂನ್ ತಿಂಗಳಲ್ಲಿ ಹೊಸದಾಗಿ ಬಂದ ಗುರುವಿಗೆ ಯಾವ ಮಗು ಎಲ್ಲಿಯವರೆಗೆ ಬಂದಿದೆಯೆಂಬುದು ತಿಳಿಯದು; ತಿಳಿಸಬೇಕಾದವರು ಹೊರಟುಹೋಗಿದ್ದಾರೆ. ಆದುದರಿಂದ ಅವರು ಮೊದಲಿನಿಂದ ಆರಂಭಿಸುತ್ತಾರೆ. ಕಾಗುಣಿತದ ಬಾಗಿಲಿಗೆ ಬಂದು ನಿಂತಿದ್ದ ಮಗು ಮತ್ತೆ ಮೂಲಾಕ್ಷರಕ್ಕೆ ಇಳಿಯುತ್ತದೆ. ಮರುವರ್ಷ ಕಾಗುಣಿತ ಅರ್ಧವಾಗಿರುವಾಗ ಗುರು ಬದಲಾಗುತ್ತಾರೆ, ಮತ್ತೆ ಇಳಿಯುವುದು. ಇಂಥ ಮಗು ನಾಲ್ಕು ವರ್ಷ ಶಾಲೆಗೆ ತಪ್ಪದೆ ಹೋಗಿರಬಹುದು, ಹಾಜರಿ ಪುಸ್ತಕದಲ್ಲಿ ಅದರ ಹೆಸರಿನ ಮುಂದೆ ಒಂದು ಗೈರುಹಾಜರಿಯೂ ಇಲ್ಲದಿರಬಹುದು, ಆದರೂ ಒತ್ತಕ್ಷರದ ಮೆಟ್ಟಿಲನ್ನು ಅದು ಕಾಣುವುದೇ ಇಲ್ಲ. ಒತ್ತಕ್ಷರವಿಲ್ಲದೆ ಕನ್ನಡದ ಮಗುವು ಅಪ್ಪ ಎಂದು ಬರೆಯಲಾರದು, ಅಮ್ಮ ಎಂದು ಬರೆಯಲಾರದು, ಅಕ್ಕ, ಅಣ್ಣ, ಅಜ್ಜ ಎಂದು ಬರೆಯಲಾರದು. ಬಸವ ಎಂಬವರೆಗೆ ಓದಿ, ಬಸವಣ್ಣ ಎಂಬಲ್ಲಿ ನಿಂತುಬಿಡುತ್ತದೆ. ಕಲ್ಯಾಣವೆಂಬ ಹೆಸರನ್ನೂ ಅದು ಓದಲಾರದು.

ನಲಿ-ಕಲಿ ಪದ್ಧತಿಯ ಶಾಲೆಗಳಲ್ಲಿ ಈ ತೊಡಕು ಇನ್ನಷ್ಟು ಹೆಚ್ಚು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿದ ಈ ಪದ್ಧತಿಯಲ್ಲಿ ಮೊದಲ ಮೂರು ತರಗತಿಗಳ ಮಕ್ಕಳು ಒಟ್ಟಿಗೆ ಕುಳಿತು, ತಮ್ಮ ತಮ್ಮ ಗತಿಯಲ್ಲಿ ಏಣಿಯ ಮೆಟ್ಟಿಲುಗಳನ್ನು ಏರುತ್ತಾ ಹೋಗುತ್ತಾರೆ. ವರ್ಣಮಾಲೆಯ ಸಾಲು ಹಿಡಿದು ಕಲಿಸುವುದು ಇಲ್ಲಿಯ ಕ್ರಮವಲ್ಲ. ಬರೆಯಲು ಸುಲಭವಾದ ರ, ಗ, ಸ, ದ ಮೊದಲಾದ ಅಕ್ಷರಗಳಿಂದ ತೊಡಗಿ ಪದಗಳನ್ನು ಕಟ್ಟಿಸುತ್ತಾರೆ. ಪದ್ಧತಿ ಒಳ್ಳೆಯದೇ. ಆದರೆ ಮೂವತ್ತು ಮಕ್ಕಳಲ್ಲಿ ಯಾವ ಮಗು ಯಾವ ಮೆಟ್ಟಿಲ ಮೇಲಿದೆಯೆಂಬುದು ಗುರುವಿನ ನೆನಪಿನಲ್ಲಿದ್ದರೆ ಮಾತ್ರ ಅದು ನಡೆಯುತ್ತದೆ. ಈ ಪದ್ಧತಿಯ ತರಬೇತಿಯಿಲ್ಲದೆ ಬಂದ ತಾತ್ಕಾಲಿಕ ಗುರುಗಳು ಕರಿಹಲಗೆಯ ಮೇಲೆ ಅ ಆ ಇ ಈ ಎಂದು ಬರೆದರೆ ರ, ಗ, ಸ, ದ ಕಲಿತಿದ್ದ ಮಗುವಿಗೆ ತಾನು ಕಲಿತುದು ತಪ್ಪೋ ಸರಿಯೋ ಎಂಬ ಶಂಕೆ ಹುಟ್ಟುತ್ತದೆ. ಆರು ವರ್ಷದ ಮಗು ಗುರುವನ್ನು ಶಂಕಿಸುವುದಿಲ್ಲ. ಅದು ತನ್ನನ್ನೇ ಶಂಕಿಸಿಕೊಳ್ಳುತ್ತದೆ, ತಾನು ದಡ್ಡನೆಂದು ನಂಬಿ ಹಿಂದಿನ ಸಾಲಿಗೆ ಹೋಗಿ ಕುಳಿತುಕೊಳ್ಳುತ್ತದೆ.

ಭಾಷೆಯ ಮಾತೂ ಇದರೊಡನೆ ಸೇರಿಕೊಂಡಿದೆ. ಕಲಬುರಗಿ, ಯಾದಗಿರಿ ಜಿಲ್ಲೆಗಳ ತಾಂಡಾಗಳ ಮಕ್ಕಳು ಮನೆಯಲ್ಲಿ ಲಂಬಾಣಿ ಮಾತನಾಡುತ್ತಾರೆ. ಬೀದರದ ಗಡಿಯಲ್ಲಿ ಮರಾಠಿ, ರಾಯಚೂರಿನ ಗಡಿಯಲ್ಲಿ ತೆಲುಗು, ಎಲ್ಲೆಡೆಯೂ ಅಷ್ಟಿಷ್ಟು ಉರ್ದು. ಬೇರೆ ಸೀಮೆಯಿಂದ ಬಂದ ಗುರುವಿಗೆ ಈ ಮಕ್ಕಳ ಮಾತು ತಿಳಿಯಲು, ಮಕ್ಕಳಿಗೆ ಗುರುವಿನ ಕನ್ನಡ ಒಗ್ಗಲು ಒಂದು ವರ್ಷವಾದರೂ ಬೇಕು. ಆ ವರ್ಷ ಕಳೆದು ಇನ್ನು ಕಲಿಸುವ ಕಾಲ ಬಂತೆನ್ನುವಾಗ ಗುರು ಹೊರಟುನಿಂತಿರುತ್ತಾರೆ. ಕೂಲಿಗಾಗಿ ಸುಗ್ಗಿಯ ಬಳಿಕ ಮುಂಬಯಿಗೋ ಪುಣೆಗೋ ಬೆಂಗಳೂರಿಗೋ ಗುಳೆ ಹೋಗುವ ಮನೆಗಳ ಮಕ್ಕಳಂತೂ ಊರಲ್ಲಿದ್ದ ಗುರುವಿನ ಕಣ್ಣಿಗೆ ಮಾತ್ರ ಬಿದ್ದಾರು. ಯಾವ ಮನೆ ಯಾವಾಗ ಹೊರಡುತ್ತದೆ, ಅಜ್ಜಿಯೊಡನೆ ಮಗುವನ್ನು ಬಿಟ್ಟುಹೋಗುವಂತೆ ತಂದೆಗೆ ಯಾರ ಬಾಯಿಂದ ಹೇಳಿಸಬೇಕು ಎಂಬುದನ್ನು ಹೊಸಬರು ಬಲ್ಲರೇನು?

ಈ ನಷ್ಟವು ಹೊರಟುಹೋದ ಗುರುವಿನ ತರಗತಿಗೆ ಮಾತ್ರ ತಟ್ಟುತ್ತದೆಂದು ತಿಳಿಯುವಂತಿಲ್ಲ. ಅಮೆರಿಕದ ನ್ಯೂಯಾರ್ಕ್ ನಗರದ ಶಾಲೆಗಳಲ್ಲಿ ನಾಲ್ಕು ಮತ್ತು ಐದನೆಯ ತರಗತಿಗಳ ಮಕ್ಕಳ ಎಂಟು ವರ್ಷಗಳ ಫಲಿತಾಂಶಗಳನ್ನು ಪರಿಶೀಲಿಸಿ 2013ರಲ್ಲಿ ವಿದ್ವಾಂಸರು ಒಂದು ಪ್ರಬಂಧವನ್ನು ಪ್ರಕಟಿಸಿದರು. ಉಪಾಧ್ಯಾಯರು ಹೆಚ್ಚಾಗಿ ಬದಲಾದ ಕಡೆಗಳಲ್ಲಿ ಮಕ್ಕಳ ಭಾಷೆ ಮತ್ತು ಗಣಿತ ಎರಡೂ ಹಿಂದೆ ಬಿದ್ದವು. ಸ್ವಂತ ಗುರು ಬದಲಾಗದೆ ಉಳಿದ ಮಕ್ಕಳಿಗೂ ಆ ಹಾನಿ ತಟ್ಟಿತು. ಮೊದಲೇ ಹಿಂದುಳಿದ ಮಕ್ಕಳಿದ್ದ ಶಾಲೆಗಳಲ್ಲಿ ಅದು ಹೆಚ್ಚಾಗಿತ್ತು. ಶಾಲೆಯೆಂಬುದು ಒಂದು ಸಂಸಾರವಿದ್ದಂತೆ. ಒಬ್ಬರು ಎದ್ದುಹೋದಾಗ ಉಳಿದವರ ಊಟದ ಹೊತ್ತೂ ತಪ್ಪುತ್ತದೆ. ಹಾಗಿದ್ದರೂ ಸಮುದ್ರದಾಚೆಯ ಪಂಡಿತರು ಹೇಳುವವರೆಗೆ ಇದು ತಿಳಿಯಲಿಲ್ಲವೆಂದರೆ ನಗೆಗೇಡು. ಹಳ್ಳಿಯ ಯಾವ ತಾಯಿಯನ್ನು ಕೇಳಿದರೂ ಹೇಳಬಲ್ಲಳು.

ಇಲ್ಲಿ ಕೆಲವರು ಒಂದು ಪ್ರಶ್ನೆಯನ್ನು ಎತ್ತಬಹುದು. ಜಂಗಮನು ಒಂದು ಕಡೆ ನಿಲ್ಲತಕ್ಕವನಲ್ಲ. ಸಂಚಾರವೇ ಅವನ ಲಕ್ಷಣ. ಊರಿಂದ ಊರಿಗೆ ಹೋಗುತ್ತ ಜ್ಞಾನವನ್ನು ಬಿತ್ತುವುದೇ ಅವನ ಧರ್ಮ. ಹಾಗಿರಲು ಉಪಾಧ್ಯಾಯನು ಊರೂರು ತಿರುಗಿದರೆ ದೋಷವೇನು? ನಿಂತಲ್ಲಿಯೇ ನಿಂತರೆ ಮೋಹ ಬೆಳೆದೀತು, ಹಮ್ಮು ಬೆಳೆದೀತು, ಊರ ಕಕ್ಷಿಪ್ರತಿಕಕ್ಷಿಗಳಲ್ಲಿ ಸಿಕ್ಕಿಕೊಂಡಾನು ಎಂದು. ಈ ಮಾತಿನಲ್ಲಿ ಸ್ವಲ್ಪ ಸತ್ಯವಿಲ್ಲದಿಲ್ಲ. ಇಪ್ಪತ್ತು ವರ್ಷ ಒಂದೇ ಶಾಲೆಯಲ್ಲಿದ್ದು, ಪಾಠಕ್ಕಿಂತ ಬಡ್ಡಿಯ ವ್ಯವಹಾರದಲ್ಲಿಯೇ ನುರಿತವರನ್ನು ಹಳ್ಳಿಯ ಜನರು ಕಂಡಿಲ್ಲವೇ?

ಆದರೆ ಜಂಗಮನ ಸಂಚಾರವನ್ನು ಸರಿಯಾಗಿ ತಿಳಿಯಬೇಕು. ಜಂಗಮನು ಹೋಗುವುದು ದೀಕ್ಷೆ ಪಡೆದ ಭಕ್ತರಿರುವಲ್ಲಿಗೆ. ಅವರ ನಿಷ್ಠೆಯನ್ನು ಒರೆಹಚ್ಚಿ, ಅನುಭಾವದ ಮಾತನ್ನಾಡಿ, ದಾಸೋಹವನ್ನು ಸ್ವೀಕರಿಸಿ ಮುಂದೆ ಸಾಗುತ್ತಾನೆ. ಅವನು ಹೊರಟಾಗ ಭಕ್ತನ ಕರಸ್ಥಲದಲ್ಲಿ ಲಿಂಗವಿದ್ದೇ ಇರುತ್ತದೆ. ನಿತ್ಯದ ಅರ್ಚನೆಗೆ ಕುಂದಿಲ್ಲ. ಆರು ವರ್ಷದ ಮಗುವಿನ ಕೈಯಲ್ಲಿ ಇನ್ನೂ ಏನೂ ನೆಲೆಗೊಂಡಿಲ್ಲ. ದೀಕ್ಷೆಯನ್ನು ಒಂದು ಶುಭಮುಹೂರ್ತದಲ್ಲಿ ಅನುಗ್ರಹಿಸಬಹುದು, ಅಕ್ಷರವನ್ನು ಹಾಗೆ ಅನುಗ್ರಹಿಸಲಾಗದು. ಅದಕ್ಕೆ ದಿನದಿನದ ಕೈಹಿಡಿಕೆ ಬೇಕು. ಜಂಗಮನು ಕಾರ್ಯ ಮುಗಿಸಿ ಹೊರಡುತ್ತಾನೆ. ಇಲ್ಲಿ ಕಾರ್ಯ ನಡುವಿರುವಾಗಲೇ ಹೊರಡುವುದು. ಮಕ್ಕಳಿಗಾಗಿ ಜಂಗಮನೇ ನಿಂತ ಉದಾಹರಣೆಯೂ ಕಣ್ಣ ಮುಂದಿದೆ. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು 1941ರಲ್ಲಿ ಮಠದ ಹೊಣೆಯನ್ನು ಹೊತ್ತವರು 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೆ ಆ ಬೆಟ್ಟದ ತಪ್ಪಲನ್ನೇ ನೆಲೆಯಾಗಿ ಮಾಡಿಕೊಂಡರು. ತಂದೆ ಕಲಿತ ಶಾಲೆಗೆ ಮಗ ಬಂದಾಗ, ಮಗನ ಮಗ ಬಂದಾಗ, ಅಲ್ಲಿ ಅದೇ ಕಾವಿಯ ಮೂರ್ತಿ ಇತ್ತು. ವಿರಕ್ತರಿಗೆ ತಿರುಗುವ ಸ್ವಾತಂತ್ರ್ಯವಿಲ್ಲದೆ ಅಲ್ಲ.

ಇನ್ನು ಗುರುಗಳು ಏಕೆ ಹೊರಡುತ್ತಾರೆಂಬುದು. ಊರ ಕಟ್ಟೆಯ ಮೇಲೆ ಕುಳಿತು ಸಂಬಳದಾಸೆಯೆಂದೋ ಪಟ್ಟಣದ ಮೋಹವೆಂದೋ ತೀರ್ಪು ಕೊಡುವುದು ಸುಲಭ. ಹಳ್ಳಿಯಿಂದ ಪಟ್ಟಣಕ್ಕೆ ಹೋದರೂ ಮೂಲ ವೇತನ ಅದೇ ಎಂಬುದು ಆ ತೀರ್ಪುಗಾರರಿಗೆ ತಿಳಿಯದು. ಕರ್ನಾಟಕದಲ್ಲಿ ಶಿಕ್ಷಕರ ವರ್ಗಾವಣೆಗೆಂದೇ 2007ರಲ್ಲಿ ಒಂದು ಕಾನೂನಾಯಿತು, 2020ರಲ್ಲಿ ಮತ್ತೊಂದಾಯಿತು. ಶಾಲೆಗಳನ್ನು ಎ, ಬಿ, ಸಿ ಎಂದು ವಲಯಗಳಾಗಿ ವಿಂಗಡಿಸಿದ್ದಾರೆ. ಪಟ್ಟಣದಿಂದ ದೂರದ ಹಳ್ಳಿಗಳು ಸಿ ವಲಯ. ಶಿಫಾರಸಿನ ಚೀಟಿ ಹಿಡಿದು ಬಾಗಿಲು ಬಾಗಿಲು ಅಲೆಯುತ್ತಿದ್ದ ಹಿಂದಿನ ಅಪಮಾನಕ್ಕಿಂತ ಎಲ್ಲರ ಎದುರಿಗೆ ಸ್ಥಾನಗಳನ್ನು ತೋರಿಸಿ ಆರಿಸಿಕೊಳ್ಳಲು ಬಿಡುವ ಕೌನ್ಸೆಲಿಂಗ್ ಎಷ್ಟೋ ಮೇಲು. ಗಂಡನೊಂದು ಜಿಲ್ಲೆ, ಹೆಂಡತಿಯೊಂದು ಜಿಲ್ಲೆಯಾಗಿ ಬದುಕುವವರು, ಕಠಿಣ ವ್ಯಾಧಿಗೆ ತುತ್ತಾದವರು, ವಿಧವೆಯರು, ಅಂಗವಿಕಲರು, ಇಂಥವರಿಗೆ ಅಲ್ಲಿ ಆದ್ಯತೆಯುಂಟು. ಹಾಸಿಗೆ ಹಿಡಿದ ತಾಯಿ ದಾವಣಗೆರೆಯಲ್ಲಿದ್ದು ತಾನು ಸುರಪುರದ ಹಳ್ಳಿಯಲ್ಲಿರುವ ಗುರುಮಾತೆಯು ವರ್ಗ ಕೇಳಿದರೆ ಅದನ್ನು ಮೋಹವೆನ್ನುವುದು ದಯವಿಲ್ಲದ ಮಾತು. ಅತಿಥಿ ಶಿಕ್ಷಕರ ಸಂಗತಿಯಂತೂ ಬೇರೆ. ಅವರನ್ನು ಕರೆಯುವುದೇ ಆ ವರ್ಷದ ಮಟ್ಟಿಗೆ. ಬೇಸಗೆಯ ತಿಂಗಳುಗಳಲ್ಲಿ ಅವರಿಗೆ ಗೌರವಧನವೂ ಇಲ್ಲ, ಮುಂದಿನ ಜೂನಿನ ಭರವಸೆಯೂ ಇಲ್ಲ. ಹೆಸರೇ ಅತಿಥಿ. ಅತಿಥಿಯು ನಿಲ್ಲಲಿಲ್ಲವೆಂದು ಯಾರು ಯಾರನ್ನು ದೂರಬೇಕು?

ಕಲ್ಯಾಣದ ಸೀಮೆಗೆ ಈ ಕೊರತೆ ಇಂದು ನಿನ್ನೆಯದಲ್ಲ. ಹನ್ನೆರಡನೆಯ ಶತಮಾನದಲ್ಲಿ ಜನರ ನುಡಿಯಲ್ಲಿಯೇ ಪರಮಾರ್ಥವನ್ನು ಹೇಳಿದ ಶರಣರ ನೆಲ, ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣ, 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಅಲ್ಲಿ ಶಿಕ್ಷಣದ ಮಾಧ್ಯಮವಾಗಿ ಉರ್ದುವಿಗೆ ಮನ್ನಣೆಯಿದ್ದುದರಿಂದ ಕನ್ನಡ ಕಲಿಸುವ ಗುರುಗಳೇ ವಿರಳರಾಗಿದ್ದರು. 1956ರಲ್ಲಿ ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. 2002ರಲ್ಲಿ ಡಾ. ನಂಜುಂಡಪ್ಪನವರ ಸಮಿತಿಯು ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗಕ್ಕೆ ಸೇರಿದ್ದವು. ಸಂವಿಧಾನದ 98ನೆಯ ತಿದ್ದುಪಡಿಯಿಂದ 371(ಜೆ) ವಿಧಿ ಬಂದು ಸ್ಥಳೀಯರಿಗೆ ಉದ್ಯೋಗದಲ್ಲಿ ಮೀಸಲಾತಿ ದೊರೆಯಿತು. ಆ ನೆಲದ ಮಕ್ಕಳೇ ಆ ನೆಲದ ಗುರುಗಳಾಗುವ ದಾರಿ ಸ್ವಲ್ಪ ತೆರೆಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕವೆಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕವಾಯಿತು. ಹೆಸರು ಬಂದಿದೆ, ಆ ಹೆಸರನ್ನು ಓದಬಲ್ಲ ಮಗು ಇನ್ನು ಬರಬೇಕು.

ಸರಕಾರದಿಂದ ಆಗಬೇಕಾದುದನ್ನು ಸರಕಾರವೇ ಮಾಡಬೇಕು. ಮಂಜೂರಾದ ಸ್ಥಾನಗಳಲ್ಲಿ ಖಾಲಿ ಉಳಿದವು ನೂರಕ್ಕೆ ಹತ್ತನ್ನು ಮೀರಕೂಡದೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆಯೇ ಹೇಳುತ್ತದೆ. ಆದರೆ ಮಠದ ಭಕ್ತರಾದ ಗೃಹಸ್ಥರು ಯೋಚಿಸಬೇಕಾದ ಸಂಗತಿ ಇದಕ್ಕಿಂತ ಹತ್ತಿರದ್ದು. ಅದು ಅವರ ಮನೆಯ ಬಾಗಿಲಲ್ಲಿಯೇ ಇದೆ.

ಹೊಸ ಗುರುಗಳು ಊರಿಗೆ ಬಂದಿಳಿದ ದಿನ ಬಾಡಿಗೆಗೆ ಒಂದು ಮನೆಯನ್ನು ಕೇಳುತ್ತಾರೆ. ಊರಲ್ಲಿ ಬೀಗ ಹಾಕಿದ ಮನೆಗಳುಂಟು. ಮಕ್ಕಳು ಬೆಂಗಳೂರು ಸೇರಿ ಬರಿದಾದ ತೊಟ್ಟಿಮನೆಗಳುಂಟು. ಆದರೆ ಮನೆಯ ಯಜಮಾನರು ಮೊದಲು ಕೇಳುವ ಪ್ರಶ್ನೆ ಬಾಡಿಗೆಯದಲ್ಲ. ‘ತಾವು ಯಾವ ಪೈಕಿಯವರು?’ ಎಂಬುದು ಆ ಪ್ರಶ್ನೆ. ಉತ್ತರ ಕೇಳಿದ ಮೇಲೆ ಮನೆಯಲ್ಲಿ ಮದುವೆಯಿದೆಯೆಂದೋ, ಮಾಳಿಗೆ ಸೋರುತ್ತದೆಯೆಂದೋ, ಮಗ ಬರುವವನಿದ್ದಾನೆಂದೋ ಒಂದು ನೆವ ಹುಟ್ಟುತ್ತದೆ. ಗುರುವು ಏನೂ ಹೇಳದೆ ತಾಲ್ಲೂಕಿನ ಪಟ್ಟಣದಲ್ಲಿ ಕೋಣೆ ಹಿಡಿಯುತ್ತಾನೆ. ಬೆಳಿಗ್ಗೆಯ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಾನೆ. ಬಸ್ಸು ತಡವಾದ ದಿನ ಪ್ರಾರ್ಥನೆಗೆ ತಡವಾಗುತ್ತಾನೆ. ಆಗ ಅದೇ ಯಜಮಾನರು ಕಟ್ಟೆಯ ಮೇಲೆ ಕುಳಿತು ಈ ಗುರುಗಳಿಗೆ ಊರ ಮೇಲೆ ಪ್ರೀತಿಯಿಲ್ಲವೆನ್ನುತ್ತಾರೆ. ವರ್ಗಾವಣೆಯ ಅರ್ಜಿ ಕರೆದಾಗ ಆ ಗುರುವು ಮೊದಲ ದಿನವೇ ಅರ್ಜಿ ಹಾಕಿದರೆ ಅದಕ್ಕೆ ಕಾರಣ ಇಲಾಖೆಯ ಯಾವ ಕಡತದಲ್ಲಿಯೂ ಬರೆದಿರುವುದಿಲ್ಲ.

ಹಾಗೆ ಕೇಳುವ ಯಜಮಾನರ ಕೊರಳಲ್ಲಿ ಲಿಂಗವಿರುತ್ತದೆ, ಹಣೆಯಲ್ಲಿ ವಿಭೂತಿಯಿರುತ್ತದೆ, ಜಗುಲಿಯ ಗೋಡೆಯಲ್ಲಿ ಬಸವಣ್ಣನವರ ಪಟವಿರುತ್ತದೆ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಊರ ಹೊರಗಿನ ಕೇರಿಗೆ ತಾವೇ ನಡೆದುಹೋಗಿ ಸಂಬೋಳಿ ನಾಗಿದೇವನ ಮನೆಯಲ್ಲಿ ಪ್ರಸಾದವನ್ನು ಸ್ವೀಕರಿಸಿದರೆಂದು ಹರಿಹರ ಕವಿ ವರ್ಣಿಸಿದ್ದಾನೆ. ಅದಕ್ಕಾಗಿ ಅರಸನ ಬಳಿ ದೂರು ಹೋಯಿತು. ಅವರು ಅಂಜಲಿಲ್ಲ. ಹರಳಯ್ಯ ಮಧುವರಸರ ಮನೆಗಳ ನಡುವೆ ನಡೆದ ಶರಣಸಂಬಂಧಕ್ಕೆ ಕಲ್ಯಾಣವೇ ಹೊತ್ತಿ ಉರಿದ ಕಥೆಯನ್ನು ಪುರಾಣಪ್ರವಚನಗಳಲ್ಲಿ ಕೇಳಿ ಕಣ್ಣೀರು ಹಾಕದವರಿಲ್ಲ. ಅಷ್ಟು ದೊಡ್ಡ ಬಲಿದಾನವನ್ನು ಈ ಕಾಲದ ಗೃಹಸ್ಥರಿಂದ ಯಾರೂ ಕೇಳುತ್ತಿಲ್ಲ. ಒಂದು ಕೋಣೆ, ಒಂದು ಬಚ್ಚಲು, ನೀರಿನ ನಲ್ಲಿಯೊಂದು, ಅದೂ ಬಾಡಿಗೆಗೆ. ಕುಲವನ್ನು ಕೇಳಿ ಗುರುವನ್ನು ಬಾಗಿಲಲ್ಲಿ ನಿಲ್ಲಿಸಿದವರು ಆ ರಾತ್ರಿ ಲಿಂಗಪೂಜೆಗೆ ಹೇಗೆ ಕುಳಿತುಕೊಳ್ಳುತ್ತಾರೆ? ಲಿಂಗವಂತರ ಮನೆಗಳಲ್ಲಿ ಇಂಥದು ಎಲ್ಲೆಡೆಯೂ ನಡೆಯುತ್ತದೆಂದಲ್ಲ. ಗುರುವಿಗೆ ಮನೆ ಕೊಟ್ಟು ಬಾಡಿಗೆಯನ್ನೇ ಮುಟ್ಟದ ಮನೆತನಗಳೂ ಉಂಟು. ಆದರೆ ನಡೆಯುವಲ್ಲಿ ಅದನ್ನು ಹೊರಗಿನವರ ತಪ್ಪೆಂದು ತಳ್ಳಿಹಾಕುವಂತಿಲ್ಲ.

ಗುರುಮಾತೆಯರ ಕಷ್ಟವು ಒಂದು ಕೈ ಹೆಚ್ಚು. ಶಾಲೆಯಲ್ಲಿ ಬಾಗಿಲು ಮುಚ್ಚುವಂಥ ಶೌಚಗೃಹವಿಲ್ಲದೆ ಬೆಳಗಿನಿಂದ ನೀರನ್ನೇ ಕುಡಿಯದೆ ದಿನ ಕಳೆಯುವವರು ಎಷ್ಟು ಮಂದಿಯೋ. ಕಟ್ಟಡವಿದ್ದರೂ ನೀರಿಲ್ಲ, ನೀರಿದ್ದರೂ ಕೀಲಿಕೈ ಇನ್ನೊಬ್ಬರ ಬಳಿ. ಒಂಟಿಯಾಗಿ ಬಾಡಿಗೆಗಿದ್ದವರ ಮನೆಗೆ ಯಾರು ಬಂದರು ಹೋದರೆಂದು ಎದುರು ಮನೆಯವರು ಲೆಕ್ಕವಿಡುತ್ತಾರೆ. ಅಕ್ಕೋರು ಎಂದು ಬಾಯ್ತುಂಬ ಕರೆದವರು ಅಕ್ಕನಿಗೆ ಸಲ್ಲಬೇಕಾದುದನ್ನು ಸಲ್ಲಿಸಿದರೆ ಅರ್ಧ ವರ್ಗಾವಣೆಗಳು ನಿಂತಾವು ಎಂದು ಹೇಳಿದರೆ ಅತಿಶಯೋಕ್ತಿಯಾದೀತು, ಕೆಲವಂತೂ ನಿಲ್ಲುತ್ತವೆ.

ಊರಲ್ಲಿ ನಿಂತ ಗುರುವನ್ನೂ ತರಗತಿಯಲ್ಲಿ ನಿಲ್ಲಗೊಡದ ಇನ್ನೊಂದು ಬಾಧೆಯಿದೆ. ಜನಗಣತಿ, ವಿಪತ್ತಿನ ಪರಿಹಾರ, ಚುನಾವಣೆ ಇವುಗಳ ಹೊರತು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆಂಬುದು 2009ರ ಕಾಯಿದೆಯ 27ನೆಯ ಕಲಮು. ಆದರೂ ಪಟ್ಟಿಗಳು, ಸಮೀಕ್ಷೆಗಳು, ಸಭೆಗಳು, ಮೊಬೈಲಿನಲ್ಲಿ ತುಂಬಬೇಕಾದ ಅಂಕಿಸಂಖ್ಯೆಗಳು ಮುಗಿಯುವುದಿಲ್ಲ. ಒಬ್ಬರೇ ಗುರುವಿರುವ ಶಾಲೆಯಲ್ಲಿ ಅವರು ಸಭೆಗೆ ಹೋದರೆ ಆ ದಿನ ಶಾಲೆಯೇ ಸಭೆಗೆ ಹೋದಂತೆ. ಇಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ನೆನಪಾಗುತ್ತದೆ. ಮಾರಯ್ಯನು ಅನುಭವಗೋಷ್ಠಿಯಲ್ಲಿ ಮೈಮರೆತು ಕುಳಿತಿರಲು, ಅಕ್ಕಿಯನ್ನಾಯುವ ಕಾಯಕದ ಹೊತ್ತು ಮೀರುತ್ತಿದೆಯೆಂದು ನೆನಪಿಸಿ ಎಬ್ಬಿಸಿದವಳು ಲಕ್ಕಮ್ಮ. ಆತನು ಕುಳಿತಿದ್ದುದು ಶರಣರ ಗೋಷ್ಠಿಯಲ್ಲಿ, ದುಷ್ಟಸಂಗದಲ್ಲಲ್ಲ. ಅಷ್ಟಾದರೂ ಕಾಯಕದ ಹೊತ್ತು ಕಾಯಕಕ್ಕೇ ಸಲ್ಲಬೇಕೆಂಬುದು ಆ ತಾಯಿಯ ನಿಲುವು. ಗುರುವನ್ನು ಪಾಠದ ಹೊತ್ತಿನಲ್ಲಿ ಬೇರೆ ಕೆಲಸಕ್ಕೆ ಎಳೆದಾಗ ಲಕ್ಕಮ್ಮನಂತೆ ನೆನಪಿಸುವವರು ಊರಲ್ಲಿ ಯಾರಿದ್ದಾರೆ? ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೆಂಬುದು ಇರುವುದು ಇಂಥದಕ್ಕೇ. ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಮಕ್ಕಳ ತಂದೆತಾಯಿಗಳೂ ಪೋಷಕರೂ, ಒಟ್ಟಿನಲ್ಲಿ ಅರ್ಧದಷ್ಟು ಹೆಂಗಸರೂ ಇರಬೇಕೆಂದು ಕಾಯಿದೆಯೇ ವಿಧಿಸಿದೆ. ಆದರೆ ಆ ಸಮಿತಿಯ ಸಭೆಗಳಲ್ಲಿ ಕಾಂಪೌಂಡಿನ ಗುತ್ತಿಗೆಯ ಚರ್ಚೆಯಾದಷ್ಟು ಗುರುಗಳ ವಿಚಾರವಾಗುವುದಿಲ್ಲ. ಊರ ಗೌಡರು, ಸಾಹುಕಾರರು ತಮ್ಮ ಮಕ್ಕಳನ್ನು ಹಳದಿ ವ್ಯಾನಿನಲ್ಲಿ ಪಟ್ಟಣದ ಇಂಗ್ಲಿಷ್ ಶಾಲೆಗೆ ಕಳುಹಿಸಿದ್ದಾರೆ. ಊರ ಶಾಲೆಯಲ್ಲಿ ಕೂಲಿಯವರ ಮಕ್ಕಳು ಉಳಿದಿದ್ದಾರೆ. ಕೂಲಿಯವರು ಸಭೆಗೆ ಬಂದರೆ ಆ ದಿನದ ಕೂಲಿ ಹೋಗುತ್ತದೆ. ತನ್ನ ಮಗು ಅಲ್ಲಿಲ್ಲವಾದರೂ ಆ ಶಾಲೆ ತನ್ನದೆಂದು ತಿಳಿಯುವುದನ್ನು ಪಂಚಾಚಾರಗಳಲ್ಲಿ ಗಣಾಚಾರವೆಂದೂ ಭೃತ್ಯಾಚಾರವೆಂದೂ ಹಿರಿಯರು ಹೆಸರಿಸಿದ್ದಾರೆ.

ಗುರುಗಳಿಗೂ ಒಂದು ಮಾತು ಸಲ್ಲುತ್ತದೆ. ಹೋಗುವುದು ಅನಿವಾರ್ಯವಾದಾಗ ಹೋಗಲಿ. ಆದರೆ ಹೊರಡುವ ಮುನ್ನ ಒಂದು ಸಂಜೆ ಕುಳಿತು, ಒಂದು ನೋಟುಪುಸ್ತಕದಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ ಎರಡು ಸಾಲು ಬರೆದಿಡುವುದು ಅಸಾಧ್ಯವೇನಲ್ಲ. ಈ ಹುಡುಗಿ ಕಾಗುಣಿತ ಮುಗಿಸಿದ್ದಾಳೆ, ಒತ್ತಕ್ಷರ ಆರಂಭಿಸಬೇಕು. ಈ ಹುಡುಗನಿಗೆ ಹಲಗೆ ದೂರದಿಂದ ಕಾಣದು, ಮುಂದೆ ಕೂರಿಸಬೇಕು. ಈ ಮಗುವಿನ ಮನೆಯವರು ದಸರೆಯ ಬಳಿಕ ಗುಳೆ ಹೋಗುತ್ತಾರೆ, ಅದಕ್ಕೆ ಮೊದಲು ಅಜ್ಜಿಯನ್ನು ಕಂಡು ಮಾತನಾಡಬೇಕು. ಇಷ್ಟನ್ನು ಬರೆದಿಟ್ಟು ಹೋದ ಗುರುವು ವರ್ಗವಾಗಿ ಹೋದರೂ ಮಕ್ಕಳನ್ನು ಕೈಬಿಟ್ಟು ಹೋದಂತಾಗುವುದಿಲ್ಲ. ಬಂದವರು ಆ ಪುಸ್ತಕವನ್ನು ಓದಿದರೆ ಜೂನ್ ತಿಂಗಳು ಅ ಆ ಇ ಈಯಿಂದ ಆರಂಭವಾಗಬೇಕಾಗಿಲ್ಲ.

ಮಠಗಳ ಮತ್ತು ಸಮಾಜದ ಸಂಸ್ಥೆಗಳ ಆಶ್ರಯದಲ್ಲಿರುವ ಶಾಲೆಗಳ ಮಾತನ್ನು ಇಲ್ಲಿ ಮುಚ್ಚಿಟ್ಟರೆ ನ್ಯಾಯವಾಗದು. ಅನುದಾನವಿಲ್ಲದ ಅನೇಕ ಶಾಲೆಗಳಲ್ಲಿ ಗುರುಗಳ ಸಂಬಳವು ಅಡುಗೆ ಖರ್ಚಿಗೂ ಸಾಲದು. ಪ್ರತಿ ಏಪ್ರಿಲಿನಲ್ಲಿ ಬಿಟ್ಟುಕಳುಹಿಸಿ ಜೂನಿನಲ್ಲಿ ಹೊಸಬರನ್ನು ತೆಗೆದುಕೊಳ್ಳುವ ಪದ್ಧತಿಯೂ ಕೆಲವೆಡೆ ಉಂಟು. ದಾಸೋಹದ ಮನೆಯಲ್ಲಿ ದಿನವೂ ಸಾವಿರ ಜನರಿಗೆ ಪ್ರಸಾದ ಬಡಿಸುವವರು ಹತ್ತು ಗುರುಗಳ ಮನೆಯ ಒಲೆಯನ್ನು ಮರೆತರೆ ಆ ದಾಸೋಹ ಪೂರ್ಣವಾಯಿತೇ? ಸೇವೆಯೆಂಬ ದೊಡ್ಡ ಮಾತನ್ನು ಮುಂದಿಟ್ಟು ಕಾಯಕದ ಕೂಲಿಯನ್ನು ಕಡಿಮೆ ಮಾಡುವುದು ಶರಣರ ದಾರಿಯಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದವರು ಏಳು ಜನ ತರುಣ ಉಪಾಧ್ಯಾಯರು. ಸಮಾಜವು ಅವರನ್ನು ಇಂದಿಗೂ ಸಪ್ತರ್ಷಿಗಳೆಂದು ಕರೆಯುತ್ತದೆ. ಸಮಾಜದ ಕೈಗೆ ಹಣ ಬರುವ ಮೊದಲೇ ಗುರುಗಳು ಬಂದಿದ್ದರು ಎಂಬುದನ್ನು ಈಗಿನ ಆಡಳಿತ ಮಂಡಳಿಗಳು ಒಮ್ಮೊಮ್ಮೆಯಾದರೂ ನೆನೆಯಬೇಕು.

ವಚನಗಳ ಮಾತು ಬಂದಾಗ ಈ ವಿಷಯವು ಇನ್ನೂ ಬಿಗಿಯಾಗುತ್ತದೆ. ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ತಾಡವೋಲೆಯ ಕಟ್ಟುಗಳನ್ನು ಸಂಗ್ರಹಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ಅಂದಿನಿಂದ ವಚನಗಳು ಅಚ್ಚಾಗುತ್ತಲೇ ಇವೆ, ಜಾತ್ರೆಗಳಲ್ಲಿ ಹಂಚಲಾಗುತ್ತಿವೆ, ಗೋಡೆಗಳ ಮೇಲೆ ಬರೆಯಲಾಗುತ್ತಿವೆ. ಒತ್ತಕ್ಷರದ ಬಾಗಿಲಲ್ಲಿ ನಿಂತುಹೋದ ಮಗುವಿಗೆ ಅವೆಲ್ಲ ಬರಿಯ ಗೀಟುಗಳು. ಜನರ ನುಡಿಯಲ್ಲಿ ಹೇಳಿದುದು ಜನರ ಮಕ್ಕಳಿಗೆ ಓದಲು ಬಾರದಿದ್ದರೆ ಅದು ಮತ್ತೆ ಪಂಡಿತರ ಪೆಟ್ಟಿಗೆಯನ್ನೇ ಸೇರಿದಂತಾಯಿತು.

ಪ್ರತಿ ವರ್ಷವೂ ಮೇ ತಿಂಗಳ ಕೊನೆಗೆ ಶಾಲೆಗಳು ತೆರೆಯುತ್ತವೆ. ಅಷ್ಟರಲ್ಲಿ ಊರ ಹಿರಿಯರು ನಾಲ್ಕು ಜನ ಸೇರಿ, ಬೀಗ ಹಾಕಿದ ಮನೆಗಳಲ್ಲಿ ಯಾವುದು ವಾಸಕ್ಕೆ ಯೋಗ್ಯವೆಂದು ನೋಡಿ, ಮಾಳಿಗೆಯ ಸೋರಿಕೆಯನ್ನು ನಿಲ್ಲಿಸಿ, ಸುಣ್ಣ ಬಳಿಸಿ, ಮಾಲೀಕರಿಂದ ಕೀಲಿಕೈ ಪಡೆದು ಇಟ್ಟುಕೊಳ್ಳಬಹುದು. ಗುರುಗಳು ಬಸ್ಸಿಳಿದು ಮನೆಯನ್ನು ಕೇಳಿದಾಗ ಹೆಸರನ್ನಷ್ಟೇ ಕೇಳಿ ಆ ಕೀಲಿಕೈಯನ್ನು ಅವರ ಕೈಗೆ ಕೊಡಬಹುದು.